ವಿದ್ಯಾರ್ಥಿಗೆ ಸಲಹೆ: ಮಿನೆಸೋಟಾದ ಪರೀಕ್ಷಾ ವಿಭಾಗ

ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಪಾಠವನ್ನು ಪರೀಕ್ಷಿಸುವುದು ಪುರಾತನ ಪದ್ಧತಿ. ಅವನ ಯೋಗ್ಯತೆಯನ್ನಳೆದು, ಬಳಿಯಲ್ಲಿ ಕುಳ್ಳಿರಿಸಿಕೊಂಡು ಹಿತವನ್ನರುಹುವ ಏರ್ಪಾಡಾದರೋ ಇಪ್ಪತ್ತನೆಯ ಶತಮಾನದ್ದು. 1908ರಲ್ಲಿ ಅಮೇರಿಕೆಯ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸರು ತರುಣರಿಗೆ ಉದ್ಯೋಗದ ಸಲಹೆ ಕೊಡುವ ಸಂಸ್ಥೆಯನ್ನು ತೆರೆದು, ಅದೇ ವರ್ಷ ಕಾಲವಾದರು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಈ ಕಾರ್ಯವು ಶಾಸ್ತ್ರರೂಪವನ್ನು ತಾಳಿತು. ದೇಶವು ನಿರುದ್ಯೋಗದಿಂದ ಕಂಗೆಟ್ಟಿದ್ದ 1932ರಲ್ಲಿ ಅಲ್ಲಿ ಪರೀಕ್ಷಾ ವಿಭಾಗವು ಸ್ಥಾಪಿತವಾಗಿ, ಇ. ಜಿ. ವಿಲಿಯಮ್ಸನ್ನರು ಅದರ ನಿರ್ದೇಶಕರಾದರು. ಬುದ್ಧಿಶಕ್ತಿ, ಅಭಿರುಚಿಗಳನ್ನು ಅಳೆದು, ಹಿಂದಿನ ಶಾಲೆಯ ಅಂಕಗಳೊಡನೆ ತೂಗಿ, ವೈದ್ಯನು ರೋಗವನ್ನು ನಿರ್ಣಯಿಸುವಂತೆ ವಿದ್ಯಾರ್ಥಿಯ ತೊಡಕನ್ನು ನಿರ್ಣಯಿಸಿ, ಇಂಥ ದಾರಿ ಹಿತವೆಂದು ನೇರವಾಗಿ ಹೇಳುವುದು ಅವರ ಕ್ರಮ.

ಅಳೆಯಬಲ್ಲವನು ಮತ್ತೊಬ್ಬನ ಬಾಳಿನ ದಾರಿಯನ್ನೂ ತಾನೇ ಗೊತ್ತುಮಾಡಬಹುದೇ? 1940ರ ಡಿಸೆಂಬರ್ 11ರಂದು ಕಾರ್ಲ್ ರೋಜರ್ಸರು ಅದೇ ಮಿನೆಸೋಟಾದಲ್ಲಿ ಉಪನ್ಯಾಸವಿತ್ತು ಈ ಉಪದೇಶಕ್ರಮವನ್ನು ಆಕ್ಷೇಪಿಸಿದರು. ಅತಿಥಿಯ ಬಾಯಿಂದ ಆತಿಥೇಯರು ಬಯಸುವ ಮಾತಲ್ಲ ಇದು! ಸಾವಧಾನದಿಂದ ಆಲಿಸುವವರು ದೊರೆತರೆ ವಿದ್ಯಾರ್ಥಿಯು ತನ್ನ ತೊಡಕನ್ನು ತಾನೇ ಬಿಡಿಸಿಕೊಳ್ಳಬಲ್ಲನೆಂಬುದು ಅವರ ವಾದ. 1945ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದು, ಈ ತತ್ತ್ವದ ಮೇಲೆಯೇ ಸಲಹಾಕೇಂದ್ರವನ್ನು ಕಟ್ಟಿದರು.

ರೋಜರ್ಸರ ಪಕ್ಷವೇ ನಮಗೆ ಹಿತವೆನಿಸಿದರೂ ವಿಲಿಯಮ್ಸನ್ನರನ್ನು ಕೇವಲ ಅಂಕಿಗಳ ಅಧಿಕಾರಿಯೆನ್ನುವುದು ಅನ್ಯಾಯವಾದೀತು. ಶಿಫಾರಸು ಮಾಡುವವರಿಲ್ಲದ ಬಡವರ ಮಗನಿಗೆ ನ್ಯಾಯವಾದ ಅಳತೆಯೇ ಆಸರೆ. ಆದರೆ ಅಳೆಯುವ ಕೋಲು ಅವನ ನುಡಿಯದಾಗಿರಬೇಕು. ನಮ್ಮ ಧಾರವಾಡದ ವಿ. ವಿ. ಕಾಮತರು ಬಿನೆಯವರ ಬುದ್ಧಿಪರೀಕ್ಷೆಯನ್ನು ಮಕ್ಕಳಿಗಾಗಿ ಕನ್ನಡ ಮರಾಠಿಗಳಿಗೆ ಅಳವಡಿಸಿ, 1940ರಲ್ಲಿ ಅದರ ವಿವರವನ್ನು ಗ್ರಂಥರೂಪವಾಗಿ ಪ್ರಕಟಿಸಿದರು.