ಒಂದೇ ನೋಟ್‌ಬುಕ್, ನಾಲ್ವರು ಶಿಕ್ಷಕರು: ಏನಿದು ಸಾಮೂಹಿಕ ಪರಿಶೀಲನೆ?

ಪರೀಕ್ಷೆ ಮುಗಿಯುತ್ತದೆ, ಅಂಕ ಬೀಳುತ್ತದೆ, ಉತ್ತರ ಪತ್ರಿಕೆಗಳ ಕಟ್ಟು ಕಪಾಟು ಸೇರುತ್ತದೆ. ಮಗು ಎಲ್ಲಿ ಎಡವಿತು ಎಂಬ ಮಾಹಿತಿಯೂ ಅದರ ಜತೆಗೇ ಒಳಗೆ ಹೋಗುತ್ತದೆ. ಆ ಕಟ್ಟನ್ನು ಬಿಚ್ಚಿ, ಕೆಲವು ಶಿಕ್ಷಕರು ಒಟ್ಟಿಗೆ ಕುಳಿತು ಮಕ್ಕಳ ಬರವಣಿಗೆ ನೋಡಿ, ಮುಂದಿನ ಪಾಠ ಹೇಗಿರಬೇಕೆಂದು ತೀರ್ಮಾನಿಸುವುದೇ ಸಾಮೂಹಿಕ ಪರಿಶೀಲನೆ.

ಉದಾಹರಣೆಗೆ, 52ರಲ್ಲಿ 27 ಕಳೆದರೆ 35 ಎಂದು ಮಗು ಬರೆದಿದೆ ಎಂದುಕೊಳ್ಳಿ. ತಪ್ಪು, ಸೊನ್ನೆ ಅಂಕ. ಕೆಳಗೆ ಅದೇ ಮಗು 64ರಲ್ಲಿ 38 ಕಳೆದು 34 ಎಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಇದು ಅಜಾಗರೂಕತೆಯಲ್ಲ ಎಂದು ಗೊತ್ತಾಗುತ್ತದೆ. ಮೇಲಿರಲಿ, ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಆ ಮಗುವಿನ ನಿಯಮ! ಇಂಥ ಮಗುವಿಗೆ ಇನ್ನೂ 20 ಲೆಕ್ಕ ಕೊಟ್ಟರೆ ತಪ್ಪು ನಿಯಮವೇ ಗಟ್ಟಿಯಾಗುತ್ತದೆ. ಬೇಕಿರುವುದು ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ, ಬಿಡಿ ಮಾಡಿ ತೋರಿಸುವ ಪಾಠ. 'ಹಣ್ಣು' ಬದಲು 'ಅಣ್ಣು' ಎಂದು ಬರೆಯುವ ಮಗುವಿನದೂ ಇದೇ ಕಥೆ. ಒತ್ತಕ್ಷರ ಸರಿಯಾಗಿಯೇ ಇದೆ, ಮನೆಯಲ್ಲಿ ಕೇಳಿದ್ದನ್ನು ಹಾಗೆಯೇ ಬರೆದಿದೆ ಅಷ್ಟೆ.

ಇದಕ್ಕೊಂದು ಕ್ರಮವೂ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ 'ಪ್ರಾಜೆಕ್ಟ್ ಝೀರೋ'ದಲ್ಲಿ ಸ್ಟೀವ್ ಸೈಡೆಲ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ರೂಪಿಸಿದ ವಿಧಾನದಲ್ಲಿ, ನೋಟ್‌ಬುಕ್ ತಂದ ಶಿಕ್ಷಕರು ಮೊದಲು ಬಾಯಿ ಬಿಡುವಂತಿಲ್ಲ. ಉಳಿದವರು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು; ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ನಂತರ ಪ್ರಶ್ನೆಗಳು, ಮಗು ಏನು ಮಾಡಲು ಹೊರಟಿತ್ತು ಎಂಬ ಊಹೆ. ಆಮೇಲಷ್ಟೇ ಆ ಶಿಕ್ಷಕರ ಮಾತು, ಕೊನೆಗೆ ಬೋಧನೆಯ ಚರ್ಚೆ. ಕೇಳಲು ಸುಲಭ, ಆದರೆ ತೀರ್ಪು ಕೊಡದೆ ಐದು ನಿಮಿಷ ಕೂರುವುದು ಯಾರಿಗಾದರೂ ಕಷ್ಟವೇ.

ನಮ್ಮಲ್ಲಿ ಇದಕ್ಕೆ ಅವಕಾಶವಿಲ್ಲದೇ ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಕರ್ನಾಟಕದಲ್ಲಿ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ. ಆದರೆ ಸುತ್ತೋಲೆ ಓದುವುದರಲ್ಲೇ ಸಭೆ ಮುಗಿದರೆ ನೋಟ್‌ಬುಕ್ ತೆರೆಯುವುದು ಯಾವಾಗ? ಇನ್ನು ಮುಂಬೈನ ಕನ್ನಡ ಮಾಧ್ಯಮ ಶಾಲೆಗಳಂಥ ಕಡೆ, ಜತೆಗೆ ಕೂರಲು ಅದೇ ವಿಷಯದ ಇನ್ನೊಬ್ಬ ಶಿಕ್ಷಕರು ಇಲ್ಲದಿದ್ದರೆ, ಅಕ್ಕಪಕ್ಕದ ಶಾಲೆಯವರೊಂದಿಗೆ ವಿಡಿಯೋ ಕರೆಯಲ್ಲೂ ಇದನ್ನು ಮಾಡಬಹುದು.

ದೊಡ್ಡ ತೊಡಕು ಭಯ. ಮಕ್ಕಳ ತಪ್ಪನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಬಳಸಿದರೆ ಮುಂದಿನ ಸಭೆಗೆ ಮುದ್ದಾದ ಅಕ್ಷರದ ನೋಟ್‌ಬುಕ್‌ಗಳಷ್ಟೇ ಬರುತ್ತವೆ. ಮೇಜಿನ ಮೇಲೆ ಮೂರ್ನಾಲ್ಕು ಪ್ರತಿ ಸಾಕು: ಪೂರ್ತಿ ಸರಿಯಿದ್ದದ್ದು, ಅರ್ಧ ಸರಿಯಿದ್ದದ್ದು, ಏನೂ ಬರೆಯದ್ದು. ಮಗುವಿನ ಹೆಸರು ಮುಚ್ಚಿರಲಿ.