ದಾಯಾದಿ ಮತ್ಸರವೂ ಪಂಪನ ಪಟ್ಟಾಭಿಷೇಕವೂ

ಕುರುಕ್ಷೇತ್ರದ ಯುದ್ಧ ನೆಲಕ್ಕಾಗಿ ನಡೆಯಿತೆಂದು ಹೇಳುವುದು ವಾಡಿಕೆ. ಆದರೆ ದುರ್ಯೋಧನನು ಭೀಮನಿಗೆ ವಿಷವಿಕ್ಕಿದಾಗ ಇಬ್ಬರೂ ಬಾಲಕರು. ರಾಜ್ಯದ ಪಾಲಿನ ಮಾತು ಇನ್ನೂ ಎದ್ದಿರಲಿಲ್ಲ. ಅದಕ್ಕೂ ಮುಂಚೆ, ಕುಂತಿಗೆ ಮೊದಲು ಮಗನಾದನೆಂದು ಕೇಳಿ ಗರ್ಭಿಣಿ ಗಾಂಧಾರಿ ತನ್ನ ಬಸಿರನ್ನೇ ಗುದ್ದಿಕೊಂಡಳು. ಹೊಟ್ಟೆಕಿಚ್ಚೆಂಬ ನಮ್ಮ ಮಾತು ಇಷ್ಟು ಅಕ್ಷರಶಃ ಒಪ್ಪುವ ಪ್ರಸಂಗ ಬೇರೆಲ್ಲಿಯೂ ನನಗೆ ಕಂಡಿಲ್ಲ.

ಈ ಕಥೆಯನ್ನು ಪಂಪ ಕನ್ನಡಿಸಿದ್ದು ಸುಮಾರು ಕ್ರಿ.ಶ. 941ರಲ್ಲಿ. ಆಗ ನಾಡನ್ನಾಳುತ್ತಿದ್ದ ರಾಷ್ಟ್ರಕೂಟರ ಮನೆಯಲ್ಲಿ ಇದೇ ಕಿಚ್ಚು ಉರಿದು, ಬೂದಿ ಇನ್ನೂ ಬಿಸಿಯಾಗಿತ್ತು. ಅಂಧೇರಿಯ ನಮಗೆ ಈ ಅರಸರು ಪರಕೀಯರಲ್ಲ. ಬೊರಿವಲಿಯ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಇದೇ ವಂಶದ ಮೊದಲನೆಯ ಅಮೋಘವರ್ಷನ ಹೆಸರಿದೆ. ಮೂರನೆಯ ಇಂದ್ರನ ತರುವಾಯ ಅವನ ಹಿರಿಯ ಮಗ ಇಮ್ಮಡಿ ಅಮೋಘವರ್ಷ ಪಟ್ಟವೇರಿ ಅಲ್ಪಕಾಲದಲ್ಲೇ ತೀರಿಕೊಂಡ. ಸಿಂಹಾಸನ ತಮ್ಮನಾದ ನಾಲ್ವಡಿ ಗೋವಿಂದನದಾಯಿತು. ಅಣ್ಣ ಹೇಗೆ ಸತ್ತ?

ಇಲ್ಲಿ ತಾಮ್ರಪಟಗಳು ಬಾಯಿಬಿಡುತ್ತವೆ. ಗೋವಿಂದನು ಸಾಮರ್ಥ್ಯವಿದ್ದರೂ ಅಣ್ಣನ ವಿಷಯದಲ್ಲಿ ಕ್ರೌರ್ಯ ತೋರಲಿಲ್ಲವೆಂದು ಅವನದೇ ಸಾಂಗಲಿ ಶಾಸನ ಹೊಗಳುತ್ತದೆ. ಯಾರೂ ಕೇಳದ ಪ್ರಶ್ನೆಗೆ ಕಡತದಲ್ಲಿ ಉತ್ತರ ಬರೆದಿದ್ದರೆ, ಆ ಪ್ರಶ್ನೆ ಕಛೇರಿಯ ತುಂಬ ಓಡಾಡಿದೆಯೆಂದೇ ಅರ್ಥ. ಸರ್ಕಾರಿ ನೌಕರರಿಗೆ ಇದನ್ನು ವಿವರಿಸಬೇಕಿಲ್ಲ. ಗೋವಿಂದನನ್ನು ಕೆಳಗಿಳಿಸಿ ಚಿಕ್ಕಪ್ಪ ಬದ್ದೆಗ ಅರಸನಾದ ಮೇಲೆ ಮಾತಿನ ಧಾಟಿ ಬದಲಾಯಿತು. ಬದ್ದೆಗನ ಮಗ ಮುಮ್ಮಡಿ ಕೃಷ್ಣನ 940ರ ದೇವಳಿ ಶಾಸನದಲ್ಲಿ ಗೋವಿಂದ ಸ್ತ್ರೀವ್ಯಸನಿ. ಬದ್ದೆಗನೋ ಸಾಮಂತರು ಬೇಡಿಕೊಂಡದ್ದರಿಂದ ಪಟ್ಟವೇರಿದವನು. ಮೂರನೆಯ ರಿಚರ್ಡನನ್ನು ಸೋಲಿಸಿದವನ ಮೊಮ್ಮಗಳ ಆಳ್ವಿಕೆಯಲ್ಲಿ ಷೇಕ್ಸ್‌ಪಿಯರ್ ಆ ರಿಚರ್ಡನನ್ನು ಚಿತ್ರಿಸಿದ ಬಗೆ ಇಲ್ಲಿ ನೆನಪಾಗದಿರದು.

ಆ ಸಾಮಂತರಲ್ಲಿ ಮುಖ್ಯನು ವೇಮುಲವಾಡದ ಅರಿಕೇಸರಿ, ಪಂಪನ ಆಶ್ರಯದಾತ. ಮೊರೆಹೊಕ್ಕ ವಿಜಯಾದಿತ್ಯನನ್ನು ಗೋವಿಂದನಿಗೆ ಒಪ್ಪಿಸದೆ ಕಾದು, ರಾಜ್ಯವನ್ನು ಬದ್ದೆಗನಿಗೆ ಕೊಡಿಸಿದನೆಂದು ಪಂಪನೇ ಕಾವ್ಯದೊಳಗೆ ಹೇಳುತ್ತಾನೆ. ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ್ದು ಬರಿಯ ಮುಖಸ್ತುತಿಯೆಂದು ಕೆಲವರು ಮುಗಿಸಿಬಿಡುತ್ತಾರೆ. ಅದು ಸಾಲದು. ವ್ಯಾಸಭಾರತದಲ್ಲಿ ಯುದ್ಧಾನಂತರ ಪಟ್ಟವೇರುವವನು ಧರ್ಮರಾಜ. ಪಂಪನಲ್ಲಿ ಅಣ್ಣ ತಾನಾಗಿಯೇ ಬಿಟ್ಟುಕೊಟ್ಟು, ಸುಭದ್ರೆಯೊಡನೆ ಅರ್ಜುನನಿಗೆ ಅಭಿಷೇಕವಾಗುತ್ತದೆ. ಈ ವಂಶದಲ್ಲಿ ಧ್ರುವ ಅಣ್ಣನನ್ನು ತಳ್ಳಿಯೇ ಅರಸನಾದವನು. ಅವನ ಕಿರಿಯ ಮಗ ಮುಮ್ಮಡಿ ಗೋವಿಂದ, ದಂಗೆಯೆದ್ದ ಅಣ್ಣ ಸ್ತಂಭನನ್ನು ಸೋಲಿಸಿ ಉಳಿಸಿಕೊಂಡವನು. ಅಂಥವರ ಅಧೀನದಲ್ಲಿದ್ದ ಆಸ್ಥಾನದಲ್ಲಿ, ರಕ್ತದ ಕಲೆಯಿಲ್ಲದೆ ತಮ್ಮನಿಗೆ ದಕ್ಕುವ ಪಟ್ಟ ಎಷ್ಟು ಹಿತವಾಗಿ ಕೇಳಿಸಿರಬೇಕು!

ಆದರೂ ಕವಿ ಗೆದ್ದವರ ಪಾಲಿಗೆ ಪೂರ್ತಿ ಸಲ್ಲಲಿಲ್ಲ. ಪಾಂಡವರಿಗೆಲ್ಲ ಹಿರಿಯ, ಪಟ್ಟಕ್ಕೆ ಮೊದಲ ಹಕ್ಕುದಾರ ಕರ್ಣ. ಅದು ತಿಳಿದ ಮೇಲೂ ಅವನು ಅನ್ನದ ಋಣ ಬಿಡಲಿಲ್ಲ. ಅವನನ್ನು ಕೊಂದವನು ಅರ್ಜುನ, ಅಂದರೆ ಕಾವ್ಯದ ಲೆಕ್ಕದಲ್ಲಿ ಅರಿಕೇಸರಿ. ಪಂಪನ ಶ್ರೇಷ್ಠ ಪದ್ಯಗಳಲ್ಲಿ ಕೆಲವು ಆ ಸಾವಿಗೆ ಮೀಸಲು. ಕಾವ್ಯದ ಕೊನೆಯಲ್ಲಿ, ಭಾರತ ಯಾರಿಂದ ಲೋಕಪೂಜ್ಯವಾಯಿತೆಂದು ಅವನು ಒಬ್ಬೊಬ್ಬರ ಹೆಸರು ಹೇಳುತ್ತಾನೆ. ಮೊದಲ ಹೆಸರು ದುರ್ಯೋಧನನದು, ಛಲಕ್ಕಾಗಿ. ಎರಡನೆಯದು ಕರ್ಣನದು, ನನ್ನಿಗಾಗಿ. ಕಥಾನಾಯಕ ಅರ್ಜುನ ಬರುವುದು ಏಳನೆಯವನಾಗಿ.