ಬೆಳ್ಳಂದೂರು ಕೆರೆಯ ಚಳಿಗಾಲದ ಮೀನುಗಾರಿಕೆ

ನಮ್ಮ ಬೈಯಪ್ಪನಹಳ್ಳಿಯ ಸುತ್ತಲಿನ ಕೆರೆಗಳ ಚರಿತ್ರೆಯನ್ನು ಬರೆಯುವವರು ಗದ್ದೆ, ತೂಬು, ಕುಡಿಯುವ ನೀರುಗಳನ್ನು ನೆನೆಯುತ್ತಾರೆಯೇ ಹೊರತು ಮೀನುಗಾರನನ್ನು ನೆನೆಯುವುದು ಅಪರೂಪ. ಕೆರೆಯ ಆರೋಗ್ಯವನ್ನು ಅವನಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಆದುದರಿಂದ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಈ ಸಲ ಅವನ ಕಸುಬಿನ ಕುರಿತು ಕೆಲವು ಮಾತು.

ಬೇಸಿಗೆಯಲ್ಲಿ ಮೀನು ಹಿಡಿಯಲು ಹೆಚ್ಚಿನ ವಿದ್ಯೆ ಬೇಡ. ನೀರು ಬತ್ತಿದ ಮೇಲೆ ಊರಿಗೆ ಊರೇ ಕೆಸರಿಗಿಳಿಯಬಹುದು; ಮಲೆನಾಡಿನ ಕೆರೆಬೇಟೆ ಇಂತಹುದೇ. ಹಿಂಗಾರು ಮಳೆ ಮುಗಿದ ಡಿಸೆಂಬರ್–ಜನವರಿಯ ಮಾತು ಬೇರೆ. ಆಗ ಕೆರೆ ತುಂಬಿರುತ್ತದೆ, ಮೀನು ಆಳಕ್ಕೆ ಚದುರಿರುತ್ತದೆ. ಅದು ಬಲ್ಲವರ ಕಾಲ.

ಬೆಂಗಳೂರಿನ ಚಳಿಯೆಂದರೆ ಎಷ್ಟು? 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್ಸೇ ಇಲ್ಲಿನ ಅತಿ ಕಡಿಮೆ ಉಷ್ಣಾಂಶ. ಹೆಪ್ಪುಗಟ್ಟಿದ ಸರೋವರದಲ್ಲಿ ರಂಧ್ರ ಕೊರೆದು ಗಾಳ ಬಿಡುವ ಶೀತದೇಶಗಳ ಪಾಡು ನಮಗಿಲ್ಲ. ಆದರೆ ಬೆಚ್ಚನೆಯ ನೀರಿಗೆ ಒಗ್ಗಿದ ನಮ್ಮ ಮೀನುಗಳಿಗೆ ಇಲ್ಲಿನ ಚಳಿಯೇ ಸಾಕು. ಅವು ಜಡವಾಗುತ್ತವೆ, ಮೇವು ಕಡಿಮೆ ಮಾಡುತ್ತವೆ. ಗಾಳದವನು ಮುಂಜಾನೆ ಹೋಗಿ ನಡುಗಿದರೆ ಲಾಭವಿಲ್ಲ. ಬಿಸಿಲೇರಿ ದಡದ ನೀರು ಕಾದ ಮೇಲೆ ಎರೆಹುಳು ಸಿಕ್ಕಿಸಿ ಕೂರಬೇಕು. ಬೀಸುಬಲೆಯೂ ದಡದ ತೆಳುನೀರಿಗೇ ಸರಿ. ಆಳಕ್ಕಾದರೆ ತೆಪ್ಪದಲ್ಲಿ ಹೋಗಿ ಸಂಜೆ ಬಲೆಯನ್ನು ಗೋಡೆಯಂತೆ ನಿಲ್ಲಿಸಿ ಬೆಳಿಗ್ಗೆ ಎತ್ತಬೇಕು. ನೈಲಾನ್ ಬರುವ ಮೊದಲು ಬಲೆಗಳು ಹತ್ತಿಯ ನೂಲಿನವು, ಒಣಗಿಸದಿದ್ದರೆ ಕೊಳೆಯುತ್ತಿದ್ದವು. ಇಬ್ಬನಿಯ ದಿನಗಳಲ್ಲಿ ಒಣಗಿಸುವುದೇ ಅರ್ಧ ದಿನದ ದುಡಿಮೆ.

ಬಲೆಗೆ ಬೀಳುವ ಮೀನೂ ಬದಲಾಯಿತು. ಗೆಂಡೆ, ಕೊರವ ನಮ್ಮ ನೀರಿನವು. ಜಿಲೇಬಿ ಮೀನು ಆಫ್ರಿಕಾದ್ದು. ಭಾರತಕ್ಕೆ ಬಂದದ್ದು 1952ರಲ್ಲಿ. ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗೆಯ ಕಡೆಯವು. ನಿಂತ ನೀರಿನಲ್ಲಿ ಮರಿಮಾಡವು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದ ಬಳಿಕವೇ ದೂರದ ಕೆರೆಗಳಿಗೂ ಮರಿ ಸುಲಭವಾಗಿ ದೊರೆಯುವಂತಾಯಿತು.

ಇನ್ನು ವಿಷಯದ ತಿರುಳು. (ಪಾಠ ಹೇಳುವ ಚಾಳಿ ನಿವೃತ್ತಿಯ ನಂತರವೂ ಬಿಡದು, ಸಹಿಸಿಕೊಳ್ಳಿ.) ತಣ್ಣೀರು ಬಿಸಿನೀರಿಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ: ಸಮುದ್ರಮಟ್ಟದಲ್ಲಿ 15 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಚಳಿಯ ರಾತ್ರಿ ಮೇಲ್ಪದರ ತಣಿದು ಭಾರವಾಗಿ ಇಳಿಯುತ್ತದೆ, ತಳದ ನೀರು ಮೇಲೇರುತ್ತದೆ. ಶುದ್ಧ ಕೆರೆಗೆ ಇದು ಉಸಿರಾಟವಿದ್ದಂತೆ. ತಳದಲ್ಲಿ ಚರಂಡಿಯ ಕೊಳೆ ತುಂಬಿದ್ದರೋ, ಅದೇ ಮಗುಚುವಿಕೆ ಪ್ರಾಣವಾಯುವಿಲ್ಲದ ನೀರನ್ನು ಮೇಲೆ ತರುತ್ತದೆ. ನಸುಕಿನಲ್ಲಿ ಮೀನು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ಕೆರೆ ಕೆಟ್ಟಿತೆಂದೇ ಅರ್ಥ.

ಹಲಸೂರು ಕೆರೆಯ ಕೋಡಿ ನೀರು ರಾಜಕಾಲುವೆಯಲ್ಲಿ ಹರಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕಡೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಗರ ಬೆಳೆದಂತೆ ಆ ದಾರಿಯಲ್ಲೇ ಕೊಳಚೆಯೂ ಹರಿಯಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. 2018ರ ಜನವರಿ 19ರಂದು, ಬಲ್ಲವರು ಬಲೆ ಎತ್ತಬೇಕಾಗಿದ್ದ ತಿಂಗಳಿನಲ್ಲಿ, ಬೆಳ್ಳಂದೂರಿನ ಕೆರೆಯಂಗಳಕ್ಕೆ ಬೆಂಕಿ ಬಿದ್ದು, ಆರಿಸಲು ಸೇನೆಯವರು ಬರಬೇಕಾಯಿತು.

ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಈ ಕೆರೆಗಳಲ್ಲಿ ಬಲೆ ಬೀಸಿದವರಿದ್ದರೆ, ಬಲೆಯ ಹೆಸರು, ಮೀನಿನ ಹೆಸರು, ಹೋಗುತ್ತಿದ್ದ ಹೊತ್ತು ಇವನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿರಿ. ನನಗೂ ಒಂದು ಪ್ರತಿ ಕಳುಹಿಸಿರಿ.